ಗಂಟೆಯೂ ದಾಖಲೆಯ ಪುಸ್ತಕವೂ

ಜ್ಞಾಪಕ ಸಂಚಿಕೆಗೆ ನಾವು ಮನೆವಾರ್ತೆಯನ್ನಾಗಲಿ ಆರೋಗ್ಯವನ್ನಾಗಲಿ ಕುರಿತು ಒಂದು ಲೇಖನವನ್ನು ಬರೆಯುವುದು ವಾಡಿಕೆ. ಈ ಸಾರಿ ಮಾತ್ರ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣವುಂಟು. ಅಟ್ಟೂರಿನ ತಾಯಂದಿರು ಶಾಲೆಯ ಬಾಗಿಲಲ್ಲಿ ನಮ್ಮನ್ನು ನಿಲ್ಲಿಸಿ, "ನಮ್ಮ ಹುಡುಗಿ ಏನೋ ಕಂಪ್ಯೂಟರ್ ಕೆಲಸ ಅಂತಾಳೆ ಮಿಸ್, ದಿನವೆಲ್ಲಾ ಕೂತು ಏನು ಮಾಡ್ತಾಳೆ ಅನ್ನೋದೇ ತಿಳಿಯೋದಿಲ್ಲ" ಎಂದು ಕೇಳುತ್ತಾರೆ. ನಮಗೂ ಅದು ಚೆನ್ನಾಗಿ ತಿಳಿದಿರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ತನ್ನ ಕೆಲಸವನ್ನೂ, ಅದರಲ್ಲಿ ತಾನು ಮಾಡಿದ ಒಂದು ತಪ್ಪನ್ನೂ ವಿವರಿಸಿದ ಮೇಲೆ, ಅದನ್ನು ನಿಮಗೆ ತಿಳಿಸುವುದು ನಮ್ಮ ಕರ್ತವ್ಯವೆಂದು ತೋರಿತು.

ಈ ಸೀಮೆಗೆ ಯಂತ್ರದ ಕೆಲಸ ಹೊಸದಲ್ಲ. ನಮ್ಮ ನೆರೆಯ ಯಲಹಂಕದಲ್ಲಿ ರೈಲುಗಾಡಿಯ ಗಾಲಿಗಳನ್ನೂ ಅಚ್ಚುಗಳನ್ನೂ ಮಾಡುವ ಕಾರ್ಖಾನೆಯು ೧೯೮೪ರಲ್ಲಿ ಆರಂಭವಾಯಿತು. ಮರುವರ್ಷವೇ, ಎಂದರೆ ೧೯೮೫ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕಾರ್ಯಾಲಯವನ್ನು ತೆರೆಯಿತು. ೧೯೯೬ರಿಂದ ಯಲಹಂಕದ ವಾಯುಸೇನಾ ನೆಲೆಯಲ್ಲಿ ವಿಮಾನ ಪ್ರದರ್ಶನವು ನಡೆಯುತ್ತಾ ಬಂದಿದೆ. ಕಬ್ಬಿಣದ ಯಂತ್ರಗಳನ್ನು ನೋಡಿ ಬೆಳೆದ ಈ ಊರುಗಳ ಮಕ್ಕಳು ಈಗ ಆ ಯಂತ್ರಗಳೊಳಗೆ ಅಡಗಿರುವ ಬೆರಳುದ್ದದ ಕಂಪ್ಯೂಟರುಗಳಿಗೆ ಬುದ್ಧಿ ಹೇಳುವ ಉದ್ಯೋಗವನ್ನು ಮಾಡುತ್ತಿದ್ದಾರೆ.

ನಾವು ಹೇಳಿದ ವಿದ್ಯಾರ್ಥಿನಿಯ ಕೆಲಸವು ಲಸಿಕೆಗಳನ್ನಿಡುವ ಒಂದು ಶೀತಪೆಟ್ಟಿಗೆಗೆ ಸಂಬಂಧಪಟ್ಟದ್ದು. ಎಳೆಯ ಮಕ್ಕಳಿಗೆ ಹಾಕುವ ಲಸಿಕೆಗಳಲ್ಲಿ ಬಹಳವನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಶಾಖದೊಳಗೆ ಕಾಪಾಡಬೇಕು. ಶಾಖವು ಏರಿದರೆ ಲಸಿಕೆಯ ಶಕ್ತಿ ಕುಂದುವುದು. ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುವುವು. ಕೆಟ್ಟ ಲಸಿಕೆಯು ಕಣ್ಣಿಗೆ ಒಳ್ಳೆಯದರಂತೆಯೇ ಕಾಣಬಹುದು. ಆದುದರಿಂದ ಪೆಟ್ಟಿಗೆಯೊಳಗಿನ ಚಿಕ್ಕ ಕಂಪ್ಯೂಟರು ಎರಡು ಕೆಲಸಗಳನ್ನು ಮಾಡತಕ್ಕದ್ದು. ಶಾಖವನ್ನು ಗೊತ್ತಾದ ಹೊತ್ತಿಗೆ ಅಳೆದು, ಮೇರೆ ಮೀರಿದ ಕೂಡಲೆ ಎಚ್ಚರಿಕೆಯ ಸದ್ದು ಮಾಡುವುದು ಒಂದು. ಅಳೆದ ಪ್ರತಿಯೊಂದು ಅಂಕವನ್ನೂ ನರ್ಸಮ್ಮನವರು ಮುಂದೆ ನೋಡುವಂತೆ ದಾಖಲೆಯಲ್ಲಿ ಬರೆದಿಡುವುದು ಮತ್ತೊಂದು. ಕೇಳುವುದಕ್ಕೆ ಸುಲಭವಾದ ಈ ಎರಡು ಕೆಲಸಗಳು ಒಂದಕ್ಕೊಂದು ಜಗಳವಾಡುವುವು. ಆ ಜಗಳವನ್ನು ತೀರಿಸುವುದೇ ಆಕೆಯ ಉದ್ಯೋಗ.

ಮೊದಲನೆಯ ಕೆಲಸಕ್ಕೆ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಮ್ ಎಂಬ ವ್ಯವಸ್ಥೆಯುಂಟು. ಇದನ್ನು ನಮ್ಮ ಶಾಲೆಯ ಗಂಟೆಗೆ ಹೋಲಿಸಬಹುದು. ಪರೀಕ್ಷೆಯಲ್ಲಿ ಗಂಟೆ ಬಾರಿಸಿದ ಮೇಲೆ ಬರೆದ ಉತ್ತರವು ಎಷ್ಟು ಸರಿಯಾಗಿದ್ದರೂ ಲೆಕ್ಕಕ್ಕೆ ಬಾರದು. ಹಾಗೆಯೇ ಈ ವ್ಯವಸ್ಥೆಯಲ್ಲಿ ತಡವಾಗಿ ಬಂದ ಸರಿಯುತ್ತರವೂ ತಪ್ಪೇ. ಇದು ಕೆಲಸಗಳನ್ನು ಮೇಲು ಕೆಳಗೆಂದು ಶ್ರೇಣಿಗಳಲ್ಲಿಟ್ಟು, ಮೇಲಿನ ಶ್ರೇಣಿಯ ಕೆಲಸವು ಎದ್ದೊಡನೆ ಕೆಳಗಿನದನ್ನು ನಿಲ್ಲಿಸಿ ಅದಕ್ಕೆ ದಾರಿಬಿಡುವುದು. ೧೯೮೭ರಲ್ಲಿ ಬಂದ ವಿಎಕ್ಸ್‌ವರ್ಕ್ಸ್, ೨೦೦೩ರಲ್ಲಿ ಬಂದ ಫ್ರೀಆರ್‌ಟಿಓಎಸ್ ಮುಂತಾದುವು ಈ ಜಾತಿಗೆ ಸೇರಿದುವು.

ಎರಡನೆಯ ಕೆಲಸಕ್ಕೆ ಬೇಕಾದದ್ದು ಡೇಟಾಬೇಸ್. ಇದು ಬರೆದುದನ್ನು ಕ್ರಮವಾಗಿಟ್ಟು, "ಮಂಗಳವಾರ ರಾತ್ರಿ ೮ ಡಿಗ್ರಿಯನ್ನು ಮೀರಿದ್ದು ಎಷ್ಟು ಸಾರಿ?" ಎಂದು ಕೇಳಿದರೆ ಹುಡುಕಿ ಹೇಳುವ ದಾಖಲೆಯ ಭಂಡಾರ. ಇದನ್ನು ಮೊದಲಿನಿಂದ ಯಾರೂ ಕಟ್ಟುವುದಿಲ್ಲ. ಬೇರೆಯವರು ಬರೆದಿಟ್ಟಿರುವ ಲೈಬ್ರರಿಯನ್ನು ತಂದು ತಮ್ಮ ಯಂತ್ರಕ್ಕೆ ಹೊಂದಿಸಿಕೊಳ್ಳುವರು. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಾಲಯವಲ್ಲ. ಎರವಲು ತರಬಹುದಾದ ಸಿದ್ಧ ಕಾರ್ಯಗಳ ಕಟ್ಟು. ಇವುಗಳಲ್ಲಿ ಹೆಸರಾದದ್ದು ಎಸ್‌ಕ್ಯುಲೈಟ್. ರಿಚರ್ಡ್ ಹಿಪ್ ಎಂಬ ಅಮೆರಿಕದವರು ೨೦೦೦ನೆಯ ಇಸವಿಯಲ್ಲಿ ಇದನ್ನು ರಚಿಸಿದರು. ಆಗ ಅವರು ಒಂದು ಯುದ್ಧನೌಕೆಯ ಉಪಯೋಗಕ್ಕಾಗಿ ಕಾರ್ಯಕ್ರಮವನ್ನು ಬರೆಯುತ್ತಿದ್ದರು. ದಾಖಲೆಯನ್ನಿಟ್ಟುಕೊಂಡ ಬೇರೊಂದು ಕಾರ್ಯಕ್ರಮವು ನಿಂತುಹೋದಾಗಲೆಲ್ಲಾ ತಮ್ಮದೂ ನಿಲ್ಲುವುದನ್ನು ಕಂಡು, ಯಾರನ್ನೂ ಆಶ್ರಯಿಸದೆ ಒಳಗೇ ಇರುವ ಭಂಡಾರವನ್ನು ಕಟ್ಟಿದರು. ಅದನ್ನು ಯಾರ ಸ್ವತ್ತೂ ಅಲ್ಲವೆಂದು ಲೋಕಕ್ಕೆ ಬಿಟ್ಟುಕೊಟ್ಟರು. ನಿಮ್ಮ ಕೈಯಲ್ಲಿರುವ ಮೊಬೈಲಿನೊಳಗೂ ಇದು ಇದೆ.

ಈ ಲೈಬ್ರರಿಯು ಸಿ ಎಂಬ ಭಾಷೆಯಲ್ಲಿ ಬರೆಯಲ್ಪಟ್ಟಿದೆ. ನೂರಕ್ಕೂ ಹೆಚ್ಚು ಕಡತಗಳಲ್ಲಿದ್ದುದನ್ನು ಒಂದೇ ಕಡತವಾಗಿ ಕೂಡಿಸಿ ಕೊಡುತ್ತಾರೆ. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಲುಗಳಿವೆ. ಮನುಷ್ಯರು ಓದಬಲ್ಲ ಈ ಬರಹವನ್ನು ಯಂತ್ರದ ಅಂಕಗಳಿಗೆ ತಿರುಗಿಸುವುದಕ್ಕೆ ಕಂಪೈಲ್ ಮಾಡುವುದೆಂದು ಹೆಸರು. ಶೀತಪೆಟ್ಟಿಗೆಯ ಕಂಪ್ಯೂಟರು ಇಷ್ಟು ದೊಡ್ಡ ಕೆಲಸವನ್ನು ತಾನೇ ಮಾಡಲಾರದು. ಆದುದರಿಂದ ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಕುಳಿತು, ಆ ಚಿಕ್ಕದರ ಭಾಷೆಗೆ ತಿರುಗಿಸುತ್ತಾರೆ. ಇದಕ್ಕೆ ಬೇಕಾದ ಸಾಧನವೇ ಕ್ರಾಸ್ ಕಂಪೈಲರ್.

ಇದನ್ನು ಅಚ್ಚುಕೂಟದ ಕೆಲಸಕ್ಕೆ ಹೋಲಿಸಿದರೆ ಸುಲಭವಾಗಿ ತಿಳಿಯುವುದು. ಕಿಟೆಲ್ ಪಂಡಿತರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಹಸ್ತಪ್ರತಿಯು ಎಷ್ಟು ಚೆನ್ನಾಗಿದ್ದರೂ, ಬೇಕಾದ ಒತ್ತಕ್ಷರಗಳ ಮೊಳೆಗಳೆಲ್ಲಾ ಅಚ್ಚುಕೂಟದ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಪುಟವು ಏಳದು. ಇಲ್ಲದ ಮೊಳೆಯನ್ನು ಎರಕ ಹೊಯ್ದು ಸೇರಿಸಬೇಕು. ಎಸ್‌ಕ್ಯುಲೈಟ್ ಎಂಬುದು ಹಸ್ತಪ್ರತಿ. ಚಿಕ್ಕ ಯಂತ್ರದ ವ್ಯವಸ್ಥೆಯು ಅಚ್ಚುಕೂಟ. ಯುನಿಕ್ಸ್ ಮತ್ತು ವಿಂಡೋಸ್ ಎಂಬ ದೊಡ್ಡ ಅಚ್ಚುಕೂಟಗಳಿಗೆ ಬೇಕಾದ ಮೊಳೆಗಳನ್ನು ಅದನ್ನು ಬರೆದವರೇ ಕೊಟ್ಟಿದ್ದಾರೆ. ವಿಎಕ್ಸ್‌ವರ್ಕ್ಸಿಗೂ ಯುನಿಕ್ಸಿನ ಭಾಗದಲ್ಲಿಯೇ ಒಂದಿಷ್ಟು ಏರ್ಪಾಡನ್ನು ಮಾಡಿದ್ದಾರೆ. ಮಿಕ್ಕ ಚಿಕ್ಕ ವ್ಯವಸ್ಥೆಗಳಿಗೆ ಮೊಳೆಗಳನ್ನು ನಾವೇ ಎರಕ ಹೊಯ್ಯಬೇಕು.

ಆಕೆ ಹೇಳಿದ ಕೆಲಸದ ಕ್ರಮವು ಈ ಮೇರೆಗಿದೆ. ಮೊದಲು ಕಂಪೈಲರಿಗೆ, "ಇದು ಯುನಿಕ್ಸೂ ಅಲ್ಲ, ವಿಂಡೋಸೂ ಅಲ್ಲ, ಬೇರೆ ವ್ಯವಸ್ಥೆ" ಎಂಬ ಸೂಚನೆಯನ್ನು ಕೊಡಬೇಕು. ಕೂಡಲೆ ಲೈಬ್ರರಿಯು ಆ ಎರಡರ ಭಾಗಗಳನ್ನೂ ಬಿಟ್ಟುಬಿಡುವುದು. ಆ ಸ್ಥಳದಲ್ಲಿ ಕಡತವನ್ನು ತೆರೆಯುವುದು, ಓದುವುದು, ಬರೆಯುವುದು, ಅಳಿಸುವುದು, ಹೊತ್ತನ್ನು ಹೇಳುವುದು ಮುಂತಾದ ಚಿಕ್ಕ ಚಿಕ್ಕ ಕಾರ್ಯಗಳನ್ನು ನಾವು ಬರೆದು ಒಪ್ಪಿಸಬೇಕು. ಆಮೇಲೆ ಬೇಡವಾದ ಅಂಗಗಳನ್ನು ತೆಗೆಯಬಹುದು. ಆದರೆ ಕೆಲವು ಅಂಗಗಳನ್ನು ಕೂಡಿಸಿದ ಕಡತದಿಂದ ತೆಗೆಯಲಾಗದು. ವ್ಯಾಕರಣದ ಭಾಗವು ಮೊದಲೇ ಸಿದ್ಧವಾಗಿ ಬಂದಿರುವುದರಿಂದ ಮೂಲ ಕಡತಗಳಿಂದಲೇ ಅದನ್ನು ಮತ್ತೆ ಮಾಡಬೇಕಾಗುವುದು.

ತರುವಾಯ ನೆನಪಿನ ಲೆಕ್ಕ. ಚಿಕ್ಕ ಯಂತ್ರದಲ್ಲಿ ನೆನಪಿನ ಸ್ಥಳವು ಬಹು ಸ್ವಲ್ಪ. ಬೇಕಾದಾಗಲೆಲ್ಲಾ ಕೇಳಿ ಪಡೆಯುತ್ತಿದ್ದರೆ, ಒಂದು ದಿನ ಇಲ್ಲವೆನಿಸಿಕೊಳ್ಳುವ ಹೊತ್ತು ಬರುವುದು. ನಮ್ಮ ಹಾಸ್ಟೆಲಿನ ಮೇಟ್ರನ್ನರು ತಿಂಗಳಿನ ಅಕ್ಕಿಯನ್ನು ಮೊದಲನೆಯ ದಿನವೇ ಅಳೆದು ಉಗ್ರಾಣದಲ್ಲಿ ಬೇರೆ ಇಡುವಂತೆ, ಲೈಬ್ರರಿಗೆ ಬೇಕಾದ ಸ್ಥಳವನ್ನು ಯಂತ್ರವು ಏಳುವಾಗಲೇ ಒಂದೇ ಗಡಿಗೆಯಾಗಿ ಕೊಟ್ಟುಬಿಡುವ ಅನುಕೂಲವು ಎಸ್‌ಕ್ಯುಲೈಟಿನಲ್ಲಿದೆ. ಬೇರೆ ಕೆಲಸಗಳು ಅದನ್ನು ಕಬಳಿಸಲಾರವು.

ಕೊನೆಗೆ ಲಿಂಕರ್ ಎಂಬ ಸಾಧನವು ಎಲ್ಲಾ ತುಂಡುಗಳನ್ನೂ ಜೋಡಿಸುವುದು. ಇಲ್ಲದ ಕಾರ್ಯವೊಂದನ್ನು ಯಾರಾದರೂ ಕರೆದಿದ್ದರೆ, ಅದರ ಹೆಸರು ಹಿಡಿದು "ಇದು ಸಿಕ್ಕಲಿಲ್ಲ" ಎಂದು ನಿಂತುಬಿಡುವುದು. ಲೈಬ್ರರಿಯನ್ನು ದಶಾಂಶ ಲೆಕ್ಕದ ಒಂದು ಪದ್ಧತಿಗೂ ಮಿಕ್ಕ ಕಾರ್ಯಕ್ರಮವನ್ನು ಮತ್ತೊಂದು ಪದ್ಧತಿಗೂ ಕಂಪೈಲ್ ಮಾಡಿದ್ದರೆ ಎರಡನ್ನೂ ಕೂಡಿಸಲು ಒಪ್ಪದು. ಹೊಸದಾಗಿ ಕಲಿಯುವವರು ಈ ದೂರುಗಳನ್ನು ಕಂಡು ಹೆದರುವರು. ಆಕೆ ನಗುತ್ತಾ, "ಮಿಸ್, ಕೂಗಾಡುವ ತಪ್ಪಿಗೆ ನಾನು ಹೆದರುವುದಿಲ್ಲ. ಸುಮ್ಮನಿರುವ ತಪ್ಪಿಗೆ ಹೆದರುತ್ತೇನೆ" ಎಂದಳು. ಈ ಲೇಖನದ ಸಾರವೆಲ್ಲಾ ಆ ಮಾತಿನಲ್ಲಿದೆ.

ಸುಮ್ಮನಿರುವ ತಪ್ಪುಗಳಲ್ಲಿ ಒಂದು ಬೀಗದ್ದು. ಎರಡು ಕೆಲಸಗಳು ಒಂದೇ ಹೊತ್ತಿನಲ್ಲಿ ದಾಖಲೆಯನ್ನು ಮುಟ್ಟದಂತೆ ಮ್ಯೂಟೆಕ್ಸ್ ಎಂಬ ಬೀಗವನ್ನು ಹಾಕುವುದುಂಟು. ಗುರುತಿಲ್ಲದ ವ್ಯವಸ್ಥೆಗೆ ಎಸ್‌ಕ್ಯುಲೈಟನ್ನು ಕಂಪೈಲ್ ಮಾಡಿದಾಗ, ನಾವು ಬೀಗವನ್ನು ಒದಗಿಸದಿದ್ದರೆ, ಅದು ಏನನ್ನೂ ಮಾಡದ ಬೀಗವೊಂದನ್ನು ಇಟ್ಟುಕೊಂಡು ಮುಂದೆ ಹೋಗುವುದು. ಬಾಗಿಲ ಮೇಲೆ ಬಣ್ಣದಿಂದ ಬರೆದ ಬೀಗದ ಹಾಗೆ, ನೋಡುವುದಕ್ಕೆ ಉಂಟು, ತಡೆಯುವುದಕ್ಕೆ ಇಲ್ಲ. ದಾಖಲೆಯನ್ನು ಮುಟ್ಟುವುದು ಒಂದೇ ಕೆಲಸವಾದರೆ ಬಾಧೆಯಿಲ್ಲ. ಎರಡಾದರೆ ಎಂದೋ ಒಂದು ದಿನ ಕೇಡು ತಪ್ಪದು.

ಇನ್ನೊಂದು ಸುಮ್ಮನಿರುವ ತಪ್ಪೇ ನಮ್ಮ ವಿದ್ಯಾರ್ಥಿನಿಯದು. ಅದನ್ನು ತಿಳಿಯಬೇಕಾದರೆ ಎಸ್‌ಕ್ಯುಲೈಟ್ ಬರೆಯುವ ರೀತಿಯನ್ನು ಮೊದಲು ತಿಳಿಯಬೇಕು. ಅಂಕಪುಸ್ತಕದಲ್ಲಿ ಒಂದು ಸಾಲನ್ನು ತಿದ್ದಬೇಕಾದಾಗ ಎಚ್ಚರವುಳ್ಳ ಉಪಾಧ್ಯಾಯಿನಿಯು ಏನು ಮಾಡುವಳು? ಹಳೆಯ ಸಾಲನ್ನು ಚೀಟಿಯಲ್ಲಿ ನಕಲು ಮಾಡಿ ಪುಟಕ್ಕೆ ಚುಚ್ಚಿಟ್ಟು, ಆಮೇಲೆ ಅಳಿಸಿ ಹೊಸದನ್ನು ಬರೆದು, ಎಲ್ಲಾ ಸರಿಯಾದ ಮೇಲೆ ಚೀಟಿಯನ್ನು ಕಿತ್ತುಹಾಕುವಳು. ನಡುವೆ ಯಾರೋ ಕರೆದು ಕೆಲಸವು ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಚೀಟಿಯನ್ನು ಕಂಡವರು ಹಳೆಯ ಸಾಲನ್ನು ತಿರುಗಿ ಬರೆಯಬಹುದು. ಎಸ್‌ಕ್ಯುಲೈಟ್ ಮಾಡುವುದೂ ಹೀಗೆಯೇ. ಹಳೆಯ ಪುಟವನ್ನು ಜರ್ನಲ್ ಎಂಬ ಬೇರೆ ಕಡತಕ್ಕೆ ನಕಲು ಮಾಡಿ, ಆಮೇಲೆ ಮುಖ್ಯ ಕಡತವನ್ನು ಬದಲಾಯಿಸಿ, ಕೊನೆಗೆ ಜರ್ನಲನ್ನು ಅಳಿಸುವುದು. ನಡುವೆ ಕರೆಂಟು ಹೋದರೆ, ಮತ್ತೆ ಎದ್ದಾಗ ಜರ್ನಲನ್ನು ಕಂಡು ಹಳೆಯ ಪುಟಗಳನ್ನು ಸ್ಥಳಕ್ಕೆ ತರುವುದು.

ಈ ಉಪಾಯಕ್ಕೆ ಒಂದು ನಿಬಂಧನೆಯುಂಟು. ಚೀಟಿಯು ನಿಜವಾಗಿ ಪುಟಕ್ಕೆ ಚುಚ್ಚಲ್ಪಟ್ಟಿತೆಂದು ಖಂಡಿತವಾದ ಮೇಲೆಯೇ ಹಳೆಯದನ್ನು ಅಳಿಸಬೇಕು. ಯಂತ್ರವಾದರೋ, ಬರೆಯೆಂದು ಹೇಳಿದುದನ್ನು ಆಗಲೇ ಬರೆಯದೆ, ಕೊಂಚ ಹೊತ್ತು ತಾತ್ಕಾಲಿಕ ನೆನಪಿನಲ್ಲಿಟ್ಟುಕೊಳ್ಳುವುದುಂಟು. ಆ ನೆನಪು ಕರೆಂಟು ಹೋದರೆ ಅಳಿಯುವುದು. ಆದುದರಿಂದ ಲೈಬ್ರರಿಯು ಜರ್ನಲನ್ನು ಬರೆದ ಮೇಲೆ ಒಮ್ಮೆ, ಮುಖ್ಯ ಕಡತವನ್ನು ಬರೆದ ಮೇಲೆ ಮತ್ತೊಮ್ಮೆ, "ಇದುವರೆಗಿನದೆಲ್ಲಾ ನಿಲ್ಲುವ ಸ್ಥಳವನ್ನು ಸೇರಿತೇ?" ಎಂದು ಕೇಳುವುದು. ಈ ಪ್ರಶ್ನೆಗೆ ಸಿಂಕ್ ಎಂದು ಹೆಸರು. ಇದಕ್ಕೆ ಉತ್ತರ ಕೊಡುವ ಕಾರ್ಯವೂ ನಾವು ಎರಕ ಹೊಯ್ಯಬೇಕಾದ ಮೊಳೆಗಳಲ್ಲೊಂದು.

ನಮ್ಮ ವಿದ್ಯಾರ್ಥಿನಿಯು ಆ ಕಾರ್ಯದೊಳಗೆ ಏನನ್ನೂ ಬರೆಯದೆ, "ಸರಿ" ಎಂಬ ಉತ್ತರವನ್ನು ಮಾತ್ರ ಇಟ್ಟಳು. ಮೊದಲು ಎಲ್ಲವೂ ಕೂಡಿಕೊಳ್ಳಲಿ, ಆಮೇಲೆ ತುಂಬಿಸೋಣವೆಂಬುದು ಆಕೆಯ ಯೋಚನೆ. ಕಂಪೈಲರು ಒಪ್ಪಿತು, ಲಿಂಕರು ಒಪ್ಪಿತು, ಮೇಜಿನ ಮೇಲಿನ ಪರೀಕ್ಷೆಗಳೆಲ್ಲಾ ಗೆದ್ದುವು, ಅದೂ ಬೇರೆ ದಿನಗಳಿಗಿಂತ ವೇಗವಾಗಿ. ಮೇಲಿನವರು ಮೆಚ್ಚಿದರು. ಆಕೆಗೆ ಮರೆತುಹೋಯಿತು. ಕೆಲವು ತಿಂಗಳ ಮೇಲೆ ಒಂದು ಊರಿನಲ್ಲಿ, ಮಳೆಯ ರಾತ್ರಿ ಕರೆಂಟು ಹಲವು ಸಾರಿ ಹೋಗಿ ಬಂದು, ಬೆಳಗ್ಗೆ ನೋಡಿದರೆ ದಾಖಲೆಯ ಕಡತವು ತೆರೆಯಲೇ ಇಲ್ಲ. ಅದರ ರೂಪವೇ ಕೆಟ್ಟುಹೋಗಿದೆಯೆಂದು ಲೈಬ್ರರಿಯು ವರದಿ ಮಾಡಿತು. ಪೆಟ್ಟಿಗೆಯಲ್ಲಿದ್ದ ಲಸಿಕೆಗಳು ಬಹುಶಃ ಕೆಟ್ಟಿರಲಿಲ್ಲ. ಆದರೆ ಕೆಟ್ಟಿಲ್ಲವೆಂದು ಹೇಳುವುದಕ್ಕೆ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ ಲಸಿಕೆಯನ್ನು ಕೂಸಿಗೆ ಹಾಕಲಾಗದು. ಎಲ್ಲವನ್ನೂ ಎಸೆದರು. ಆ ದಿನ ದೂರದ ಹಳ್ಳಿಗಳಿಂದ ಕೂಸುಗಳನ್ನೆತ್ತಿಕೊಂಡು ಬಂದಿದ್ದ ತಾಯಂದಿರು ಬರಿದೇ ಹಿಂದಿರುಗಿದರು.

ಕಾರಣವನ್ನು ಹುಡುಕುವವರು ಮೊದಲು ಕರೆಂಟನ್ನು ದೂರಿದರು, ಆಮೇಲೆ ಲೈಬ್ರರಿಯನ್ನು ದೂರಿದರು. ಮೂರನೆಯ ದಿನ ಆಕೆ ತನ್ನ ಬರಹವನ್ನು ತಾನೇ ತೆರೆದು ನೋಡಿ, ಆ ಒಂದು ಸುಳ್ಳಾದ "ಸರಿ"ಯನ್ನು ಕಂಡು, ಮೇಲಿನವರ ಬಳಿಗೆ ಹೋಗಿ, "ತಪ್ಪು ನನ್ನದು" ಎಂದು ಹೇಳಿದಳಂತೆ. ಕೆಲಸ ಹೋಗುವುದೆಂದು ಹೆದರಿದ್ದಳು. ಹೋಗಲಿಲ್ಲ; ತಿದ್ದುವ ಕೆಲಸವನ್ನು ಆಕೆಗೇ ಒಪ್ಪಿಸಿದರು.

ತಿದ್ದಿದಾಗ ಮತ್ತೊಂದು ತೊಡಕು ಎದುರಾಯಿತು. ಇಲ್ಲಿಯೇ ಗಂಟೆಗೂ ಪುಸ್ತಕಕ್ಕೂ ಜಗಳ. ಈ ಯಂತ್ರಗಳಲ್ಲಿ ದಾಖಲೆಯು ನಿಲ್ಲುವ ಸ್ಥಳಕ್ಕೆ ಫ್ಲಾಶ್ ಎಂದು ಹೆಸರು. ಅದರಲ್ಲಿ ಬರೆಯುವ ಮೊದಲು ಒಂದು ಭಾಗವನ್ನು ಪೂರ್ತಿಯಾಗಿ ಅಳಿಸಬೇಕು. ಅದಕ್ಕೆ ಹತ್ತಾರು ಮಿಲಿಸೆಕೆಂಡುಗಳು, ಕೆಲವು ಸಾರಿ ನೂರಾರು ಮಿಲಿಸೆಕೆಂಡುಗಳು ಹಿಡಿಯುವುವು. ನಿಜವನ್ನು ಹೇಳುವ ಸಿಂಕ್ ನಿಧಾನವಾದದ್ದು. ಶಾಖವನ್ನು ಅಳೆಯುವ ಕೆಲಸವೇ ದಾಖಲೆಯನ್ನೂ ಬರೆಯಲು ಹೊರಟರೆ, ಅಷ್ಟು ಹೊತ್ತು ಕಾದು ನಿಂತು, ಎಚ್ಚರಿಕೆಯ ಗಂಟೆಗೆ ತಪ್ಪುವುದು. ಇದಕ್ಕೆ ಪರಿಹಾರವೇನೆಂದರೆ, ಅಳೆಯುವ ಕೆಲಸವು ಅಂಕವನ್ನು ಒಂದು ಸರದಿಯ ಸಾಲಿನಲ್ಲಿಟ್ಟು ಮುಂದೆ ಹೋಗತಕ್ಕದ್ದು. ಕೆಳಗಿನ ಶ್ರೇಣಿಯ ಬೇರೊಂದು ಕೆಲಸವು ಬಿಡುವಾದಾಗ ಆ ಸಾಲಿನಿಂದ ತೆಗೆದು ದಾಖಲೆಯಲ್ಲಿ ಬರೆಯತಕ್ಕದ್ದು. ಬಾಗಿಲಲ್ಲಿ ನಿಂತ ಉಪಾಧ್ಯಾಯಿನಿಯು ಚೀಟಿಯಲ್ಲಿ ಗುರುತು ಹಾಕಿ ಕಳುಹಿಸಿ, ಗುಮಾಸ್ತರು ಮಧ್ಯಾಹ್ನ ಪುಸ್ತಕಕ್ಕೆ ಏರಿಸಿದಂತೆ. ಸಾಲಿನಲ್ಲಿ ಕಾದಿರುವ ಕೊನೆಯ ಒಂದೆರಡು ಅಂಕಗಳು ಕರೆಂಟು ಹೋದರೆ ಹೋಗಬಹುದು. ಆದರೆ ಬರೆದೆವೆಂದು ಹೇಳಿದುದು ಹೋಗದು.

ಬೀಗಗಳ ವಿಷಯದಲ್ಲಿಯೂ ಎಚ್ಚರ ಬೇಕು. ೧೯೯೭ರ ಜುಲೈ ೪ರಂದು ಮಂಗಳಗ್ರಹದಲ್ಲಿಳಿದ ಪಾತ್‌ಫೈಂಡರ್ ಎಂಬ ಅಮೆರಿಕದ ನೌಕೆಯಲ್ಲಿ ವಿಎಕ್ಸ್‌ವರ್ಕ್ಸ್ ವ್ಯವಸ್ಥೆಯಿತ್ತು. ಅದರ ಕಂಪ್ಯೂಟರು ಕೆಲವು ದಿನಗಳಲ್ಲಿಯೇ ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ಮೊದಲಿನಿಂದ ಏಳತೊಡಗಿತು. ಕಾರಣವು ಹೀಗಿತ್ತು. ಹವಾಮಾನವನ್ನು ಬರೆಯುವ ಕೆಳಶ್ರೇಣಿಯ ಕೆಲಸವು ಒಂದು ಬೀಗವನ್ನು ಹಿಡಿದಿತ್ತು. ಆ ಬೀಗಕ್ಕಾಗಿ ಮೇಲುಶ್ರೇಣಿಯ ಕೆಲಸವು ಕಾದಿತ್ತು. ಅಷ್ಟರಲ್ಲಿ ನಡುಶ್ರೇಣಿಯ ಕೆಲಸವೊಂದು ಬಂದು ಕೆಳಗಿನದನ್ನು ತಡೆದುಬಿಟ್ಟಿತು. ಕೊಠಡಿಯ ಬೀಗದ ಕೈ ಜವಾನನ ಬಳಿಯಲ್ಲಿ, ಹೆಡ್‌ಮಿಸ್ಟ್ರೆಸ್ಸರು ಬಾಗಿಲಲ್ಲಿ, ಜವಾನನನ್ನೋ ಬೇರೊಬ್ಬರು ಅಂಗಡಿಗೆ ಕಳುಹಿಸಿದ್ದಾರೆ. ಪರಿಹಾರವು ಸರಳ: ಬೀಗದ ಕೈಯನ್ನು ಹಿಡಿದಿರುವಷ್ಟು ಹೊತ್ತು ಜವಾನನಿಗೆ ಹೆಡ್‌ಮಿಸ್ಟ್ರೆಸ್ಸರ ಅಧಿಕಾರವನ್ನೇ ಕೊಡುವುದು. ವಿಜ್ಞಾನಿಗಳು ಭೂಮಿಯಲ್ಲಿದ್ದ ಪ್ರತಿಯಂತ್ರದ ಮೇಲೆ ತಪ್ಪನ್ನು ಕಂಡುಹಿಡಿದು, ಆ ಅನುಕೂಲವನ್ನು ತೆರೆಯುವ ಆಜ್ಞೆಯನ್ನು ಭೂಮಿಯಿಂದಲೇ ಕಳುಹಿಸಿದರು. ಫ್ರೀಆರ್‌ಟಿಓಎಸ್‌ನಲ್ಲಿ ಮ್ಯೂಟೆಕ್ಸಿಗೆ ಈ ಗುಣವುಂಟು, ಅದನ್ನು ಹೋಲುವ ಬೈನರಿ ಸೆಮಫೋರಿಗೆ ಇಲ್ಲ. ಲೈಬ್ರರಿಗೆ ಬೀಗವನ್ನು ಒದಗಿಸುವವರು ಇದನ್ನು ಮರೆಯಬಾರದು.

ಈಗ ಆಕೆ ಪರೀಕ್ಷಿಸುವ ರೀತಿಯೇ ಬೇರೆ. ಯಂತ್ರವು ಬರೆಯುತ್ತಿರುವಾಗಲೇ, ಗೊತ್ತಿಲ್ಲದ ಹೊತ್ತಿನಲ್ಲಿ, ನೂರಾರು ಸಾರಿ ಕರೆಂಟನ್ನು ಕಿತ್ತು, ಪ್ರತಿ ಸಾರಿಯೂ ದಾಖಲೆಯು ಪೂರ್ಣವಾಗಿದೆಯೇ ಎಂದು ಲೈಬ್ರರಿಯನ್ನೇ ಕೇಳುತ್ತಾಳೆ. ಊರುಗಳ ಹೆಸರನ್ನು ಕನ್ನಡದಲ್ಲಿಯೇ ಬರೆದು ನೋಡುತ್ತಾಳೆ. "ಅಟ್ಟೂರು" ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಏಳು ಗುರುತು, ೨೧ ಬೈಟು. ಅಷ್ಟು ಸ್ಥಳವನ್ನು ಬಿಡದಿದ್ದರೆ ನಮ್ಮ ಊರಿನ ಹೆಸರೇ ಅರ್ಧಕ್ಕೆ ಕಡಿದುಹೋಗುವುದು. ಅಕಾರಾದಿಯಲ್ಲಿ ಜೋಡಿಸೆಂದರೆ, ನಮ್ಮ ವರ್ಣಮಾಲೆಯ ಕೊನೆಯಲ್ಲಿರುವ ಳಕಾರವನ್ನು ಯಂತ್ರವು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲೇ ಇಡುವುದೆಂದೂ ಆಕೆಯಿಂದ ತಿಳಿದೆವು.

ಇದನ್ನೆಲ್ಲಾ ಕೇಳಿದ ರಾತ್ರಿ ನಮಗೆ ನಮ್ಮದೇ ಒಂದು ಸಂಗತಿಯು ನೆನಪಾಯಿತು. ಹಲವು ವರ್ಷಗಳ ಹಿಂದೆ, ತನಿಖೆಯ ದಿನ, ಹೊತ್ತಾಯಿತೆಂದು, ಹೆಸರುಗಳನ್ನು ಕರೆಯುವ ಮೊದಲೇ ಇಡೀ ತರಗತಿಗೆ ಹಾಜರಿ ಹಾಕಿಬಿಟ್ಟೆವು. ಆ ದಿನ ಹುಡುಗಿಯೊಬ್ಬಳು ಶಾಲೆಗೆ ಹೊರಟವಳು ದಾರಿಯಲ್ಲಿ ಜ್ವರದಿಂದ ಬಿದ್ದಿದ್ದಳು. ಪುಸ್ತಕದಲ್ಲಿ ಹಾಜರಿ ಇದ್ದುದರಿಂದ ಮಧ್ಯಾಹ್ನದವರೆಗೂ ಯಾರೂ ಹುಡುಕಲಿಲ್ಲ. ಪುಣ್ಯಕ್ಕೆ ನೆರೆಯವರು ಕಂಡು ಮನೆಗೆ ಸೇರಿಸಿದರು. ಆ ತರಗತಿಯಲ್ಲಿ ನಮ್ಮ ಈ ವಿದ್ಯಾರ್ಥಿನಿಯೂ ಕುಳಿತಿದ್ದಳು. ನಾವು ಮಾಡಿದುದನ್ನು ಮಕ್ಕಳು ನೋಡಿದ್ದರು. ನಾವು ತಪ್ಪೊಪ್ಪಿಕೊಂಡುದನ್ನು ಅವರು ನೋಡಲಿಲ್ಲ, ಏಕೆಂದರೆ ನಾವು ಒಪ್ಪಿಕೊಳ್ಳಲೇ ಇಲ್ಲ. ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳುತ್ತಿದ್ದೇವೆ.

ಆದುದರಿಂದ ತಂದೆತಾಯಿಗಳ ಪ್ರಶ್ನೆಗೆ ನಮ್ಮ ಉತ್ತರವಿದು. ನಿಮ್ಮ ಮಗಳು ದಿನವೆಲ್ಲಾ ಕುಳಿತು ಮಾಡುವ ಕೆಲಸದಲ್ಲಿ ಹೆಚ್ಚಿನ ಭಾಗವು ಯಂತ್ರದ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಅವುಗಳಲ್ಲಿ ಬಹಳವನ್ನು ಕಂಪೈಲರು ತಾನೇ ಪರಿಶೀಲಿಸಬಲ್ಲದು. "ನಿಜವಾಗಿ ಬರೆದೆಯಾ?" ಎಂಬ ಒಂದನ್ನು ಅದು ಪರಿಶೀಲಿಸಲಾರದು, ಅದಕ್ಕೆ ಆಕೆಯೇ ಹೊಣೆ. ಸಂಜೆ ಮನೆಗೆ ಬಂದವಳನ್ನು ಸಂಬಳ ಎಷ್ಟೆಂದು ಕೇಳುವ ಮೊದಲು, ಇಂದಿನ ಕೆಲಸ ಹೇಗೆ ನಡೆಯಿತಮ್ಮಾ ಎಂದು ಕೇಳಿರಿ. ತಪ್ಪಾಯಿತೆಂದು ಹೇಳಿದರೆ ಬೈಯದೆ ಕೇಳಿರಿ. ಪೂರ್ವವಿದ್ಯಾರ್ಥಿನಿಯರೇ, ನೀವು ಆಸ್ಪತ್ರೆಯಲ್ಲಿರಲಿ, ಶಾಲೆಯಲ್ಲಿರಲಿ, ಕಾರ್ಖಾನೆಯಲ್ಲಿರಲಿ, ನಿಮ್ಮ ಕೈಯಲ್ಲಿಯೂ ಒಂದು ದಾಖಲೆಯ ಪುಸ್ತಕವುಂಟು. ಗಂಟೆಯು ಅವಸರಪಡಿಸುತ್ತಲೇ ಇರುವುದು. ಬರೆಯುವುದಕ್ಕೆ ತಡವಾದರೆ ಆಗಲಿ. ಬರೆಯದುದನ್ನು ಬರೆದೆವೆಂದು ಮಾತ್ರ ಹೇಳಬೇಡಿರಿ.